ಮಳೆಯ ಲೆಕ್ಕ ಬೈನರಿಯಲ್ಲಿ: ಮೂರನೆಯ ವಾರ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಿಂದ ಮಳೆಮಾಪಕದ ದಾಖಲೆಗಳನ್ನು ಪಠ್ಯದ ಬದಲು ಬೈನರಿಯಲ್ಲಿ, ಅಂದರೆ ಯಂತ್ರದ ಬೈಟ್‌ಗಳ ರೂಪದಲ್ಲಿ, ತರಿಸಿಕೊಳ್ಳುವ ನನ್ನ ಸಿ ಪ್ರೋಗ್ರಾಂ ಈ ವಾರ ಸರಿಯಾಗಿ ಓದತೊಡಗಿತು. ಬಹಳ ಖುಷಿಯಾಗಿದೆ.

ಮೊದಲ ಸಲ ಓಡಿಸಿದಾಗ ಕೇಂದ್ರ ಸಂಖ್ಯೆ 7 ಇರಬೇಕಾದ ಕಡೆ 11,74,40,512 ಎಂದು ಬಂದಿತ್ತು. ಪೋಸ್ಟ್‌ಗ್ರೆಸ್ ಸಂಖ್ಯೆಯ ಹಿರಿಯ (ದೊಡ್ಡ ಸ್ಥಾನದ) ಬೈಟನ್ನು ಮುಂದಿಟ್ಟು ಕಳುಹಿಸುತ್ತದೆ, ನನ್ನ ಲ್ಯಾಪ್‌ಟಾಪ್ ಕಿರಿಯ ಬೈಟಿನಿಂದ ಓದುತ್ತದೆ. ಅದನ್ನು ತಿರುಗಿಸಿದ ಮೇಲೂ 2024ರ ಜೂನ್ 12ರ ಮಳೆ 1994ರ ಜೂನ್ 13ಕ್ಕೆ ಹೋಗಿ ಕುಳಿತಿತ್ತು! ಪೋಸ್ಟ್‌ಗ್ರೆಸ್ ಕಾಲವನ್ನು 2000ದ ಜನವರಿ 1ರಿಂದ ಮೈಕ್ರೊಸೆಕೆಂಡುಗಳಲ್ಲಿ ಎಣಿಸುತ್ತದೆ. ನಾನು 1970ರಿಂದ ಎಣಿಸಿದ್ದೆ. 94,66,84,800 ಸೆಕೆಂಡು ಕೂಡಿಸಿದೆ, ಸರಿಹೋಯಿತು.

ಆಮೇಲೆ ಒಂದು ಸಾಲಿನ ಬೈಟ್‌ಗಳನ್ನು ಕೂತು ಎಣಿಸಿದೆ. ಪಠ್ಯದಲ್ಲಿ ‘2024-06-12 06:30:00+05:30’ ಎಂಬುದಕ್ಕೆ 25, ಮಳೆ ‘12.4’ಕ್ಕೆ 4, ಕೇಂದ್ರ ‘7’ಕ್ಕೆ 1, ಎರಡು ಟ್ಯಾಬ್, ಸಾಲಿನ ಕೊನೆಗೆ ಒಂದು: ಒಟ್ಟು 33. ಬೈನರಿಯಲ್ಲಿ ಕಾಲಂಗಳ ಎಣಿಕೆಗೆ 2, ಪ್ರತಿ ಮೌಲ್ಯದ ಉದ್ದ ಹೇಳಲು ನಾಲ್ಕು ನಾಲ್ಕು, ಮೌಲ್ಯಗಳಿಗೆ 8, 8, 4: ಒಟ್ಟು 34. ಬೈನರಿಯೇ ಒಂದು ಬೈಟ್ ದಪ್ಪ! ಹಾಗಾದರೆ ಲಾಭವೆಲ್ಲ ಪರಿವರ್ತನೆಯ ಶ್ರಮ ಉಳಿಯುವುದರಲ್ಲೇ ಸಿಗಬೇಕು. ದಿನಾಂಕದಲ್ಲಿ ಅದು ಖಂಡಿತ ಸಿಗುತ್ತದೆ: ತಿಂಗಳು, ಅಧಿಕ ವರ್ಷ, ಕಾಲವಲಯಗಳ ಲೆಕ್ಕ ಪೋಸ್ಟ್‌ಗ್ರೆಸ್ ಸರ್ವರ್‌ಗೂ ಇಲ್ಲ, ಅದನ್ನು ಮತ್ತೆ ಬಿಡಿಸುವ ಕೆಲಸ ನನಗೂ ಇಲ್ಲ. ಫ್ಲೋಟ್ ಬಗೆಯ ದಶಮಾಂಶ ಸಂಖ್ಯೆಗಳಲ್ಲಿ ಅಂತರ ಮೊದಲಿನಷ್ಟಿಲ್ಲ, ಏಕೆಂದರೆ 12ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಅವನ್ನು ಪಠ್ಯಕ್ಕಿಳಿಸುವ ವಿಧಾನವೇ ಬಹಳ ಚುರುಕಾಗಿದೆ.

ನಿಖರತೆಗಾಗಿ ಮಳೆಯ ಕಾಲಂ ಅನ್ನು ಫ್ಲೋಟ್‌ನಿಂದ ನ್ಯೂಮರಿಕ್‌ಗೆ (ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಬಗೆಗೆ) ಬದಲಿಸಿಯೂ ನೋಡಿದೆ. ನ್ಯೂಮರಿಕ್‌ನಲ್ಲಿ ಒಂದೊಂದು ‘ಅಂಕಿ’ಯೂ ಹತ್ತು ಸಾವಿರದ ಮೂಲದ್ದು (0ರಿಂದ 9999ರವರೆಗೆ). ಹಾಗಾಗಿ 12.4 ಎಂಬುದು 12 ಮತ್ತು 4000 ಎಂಬ, ತಲಾ ಎರಡು ಬೈಟ್‌ನ ಎರಡು ಅಂಕಿಗಳಾಗಿ, ಮುಂದೆ ಎಂಟು ಬೈಟ್‌ಗಳ ವಿವರ ಹೊತ್ತು ಬರುತ್ತದೆ. ಪಠ್ಯದಲ್ಲಿ ನಾಲ್ಕೇ ಬೈಟ್ ಹಿಡಿಯುವುದಕ್ಕೆ ಇಲ್ಲಿ ಹನ್ನೆರಡು. ಸರ್ವರ್ ತನ್ನಲ್ಲಿರುವುದನ್ನು ಹೆಚ್ಚುಕಡಿಮೆ ಹಾಗೆಯೇ ದಾಟಿಸುತ್ತದೆ, ಜೋಡಿಸುವ ಹೊರೆ ಪೂರ್ತಿ ನನ್ನ ಪ್ರೋಗ್ರಾಂ ಮೇಲೆ. ಊರುಗಳ ಹೆಸರಿನ ಕಾಲಂಗೆ ಬೈನರಿಯಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅಕ್ಷರಗಳು ಎರಡರಲ್ಲೂ ಅವೇ.

ಆದ್ದರಿಂದ ದಿನಾಂಕ ಬೈನರಿಯಲ್ಲಿ, ನ್ಯೂಮರಿಕ್ ಪಠ್ಯದಲ್ಲಿ ಬರಲಿ ಎಂದು ನಿರ್ಧರಿಸಿದ್ದೇನೆ. ದತ್ತಾಂಶವನ್ನು ಒಟ್ಟಾಗಿ ಸಾಗಿಸುವ ಕಾಪಿ ಆದೇಶದಲ್ಲಿ ಇಡೀ ಸಾಲು ಒಂದೇ ರೂಪದಲ್ಲಿರಬೇಕು. ಸರ್ವರ್‌ ಜೊತೆ ಮಾತಾಡುವ ನಿಯಮಾವಳಿಯಾದ ಪ್ರೋಟೊಕಾಲ್‌ನ ಬೈಂಡ್ ಸಂದೇಶದಲ್ಲಿ ಕಾಲಂಗೊಂದು ರೂಪ ಕೇಳಬಹುದು, ಆದರೆ ನಾನು ಬಳಸುವ ಲಿಬ್‌ಪಿಕ್ಯೂ (ಪೋಸ್ಟ್‌ಗ್ರೆಸ್‌ನ ಸಿ ಲೈಬ್ರರಿ) ಅದಕ್ಕೆ ದಾರಿ ಕೊಡುವುದಿಲ್ಲ. ನಿನ್ನೆ ರಾತ್ರಿಯಿಂದ ಆ ಸಂದೇಶವನ್ನು ನಾನೇ ಬೈಟ್ ಬೈಟಾಗಿ ಕಟ್ಟುತ್ತಿದ್ದೇನೆ.