ಕಾಕಾ ತಂದ ಜರೀಗಿಡ

ಪುಣೆಯ ಕೋಥ್ರೂಡಿನ ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಕಾಕಾ ಒಬ್ಬರಿದ್ದಾರೆ. ರಿಟೈರ್ ಆದ ಮೇಲೆ ಕಲ್ಲು ಹೆಕ್ಕುವುದೇ ಕೆಲಸ. ನಿನ್ನೆ ಸಿಂಹಗಡದ ಕಡೆಯಿಂದ ತಂದ ಚಪ್ಪಟೆ ಕಲ್ಲೊಂದನ್ನು ಮುಂದಿಟ್ಟು, "ನೋಡ್ರಿ, ಕೋಟಿ ವರ್ಷದ ಜರೀಗಿಡ!" ಎಂದರು.

ನೋಡಲು ಹಾಗೇ ಇತ್ತು. ಕಪ್ಪು ಕವಲು, ಕವಲಿಗೊಂದು ಕವಲು. ಲೆನ್ಸ್ ಹಿಡಿದು ನೋಡಿದೆ. ಎಲೆ ಅಂದಮೇಲೆ ನಡುವೆ ಒಂದು ದಂಟು ಇರಬೇಕಲ್ವಾ? ಇಲ್ಲ. ಎಲ್ಲ ಕವಲೂ ಕಲ್ಲಿನ ಅಂಚಿನ ಬಿರುಕಿನಿಂದಲೇ ಹೊರಟು ಅಡ್ಡಾದಿಡ್ಡಿ ಒಳಕ್ಕೆ ಹರಡಿದ್ದವು. ಇದು ಪಳೆಯುಳಿಕೆ ಅಲ್ಲ, ಡೆಂಡ್ರೈಟ್. ಬಿರುಕಿನಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಅನ್ನೋ ಕಪ್ಪು ಖನಿಜ, ಅಷ್ಟೇ.

ಪುಣೆಯ ಸುತ್ತ ಇರುವುದೆಲ್ಲ ಬಸಾಲ್ಟ್, ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಅದರಲ್ಲಿ ಎಲೆ ಉಳಿಯೋದು ಎಲ್ಲಿ ಬಂತು? ಒಂದು ಲಾವಾ ತಣ್ಣಗಾಗಿ ಇನ್ನೊಂದು ಬರುವ ಮೊದಲು ಕೆರೆಯಾಗಿ, ಕೆಸರು ಕೂತಿದ್ದರೆ ಬೇರೆ ಮಾತು. ಮುಂಬೈಯ ವರ್ಲಿಯಲ್ಲಿ ಅಂಥ ಪದರದಲ್ಲೇ ಪುಟಾಣಿ ಕಪ್ಪೆಗಳ ಪಳೆಯುಳಿಕೆಗಳು ಸಿಕ್ಕಿದ್ದು. 1847ರಲ್ಲೇ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವೆನ್ ಅವಕ್ಕೆ ಹೆಸರಿಟ್ಟರು. ವರ್ಲಿ ಸೀ ಫೇಸ್‌ನಲ್ಲಿ ಭುಟ್ಟಾ ತಿನ್ನುವವರಿಗೆ ಇದನ್ನು ಯಾರು ಹೇಳಬೇಕು!

ಕಾಕಾನ ಮುಖ ಸ್ವಲ್ಪ ಸಪ್ಪಗಾಯಿತು. ಪಳೆಯುಳಿಕೆ ಅಂದರೆ ಬೆಲೆ, ಖನಿಜ ಅಂದರೆ ಬರೀ ಕಲ್ಲು. ಹಾಗೆ ಯಾಕೋ! ಜೀವವೇ ಇಲ್ಲದೆ ಇಷ್ಟು ಚಂದದ ಗಿಡ ಮೂಡಿದ್ದು ನನಗಂತೂ ಜಾಸ್ತಿ ಸೋಜಿಗ.

ಆಮೇಲೆ ಅವರೇ, "ಹಂಗಾದ್ರ ವರ್ಲಿಗೆ ಹೋಗೂಣೇನು?" ಎಂದರು. ಅಲ್ಲಿ ಅಗೆಯೋಕೆ ಬಿಲ್ಡಿಂಗುಗಳೇ ಅಡ್ಡ ಕಾಕಾ, ಅಂದೆ.