ಕಡಲ ದೊಣೆ

ಕೊಪ್ಪಳದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ, ಗೋಕರ್ಣದ ಓಂ ಬೀಚಿನಲ್ಲಿ ನಮ್ಮ ಏಳನೇ ತರಗತಿ ಇಳಿದಾಗ ಕಡಲು ಹಿಂದೆ ಸರಿದಿತ್ತು. ಬಂಡೆಗಳ ನಡುವೆ ನಿಂತ ನೀರನ್ನು ವಿವರಿಸಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಬ್ಬ ಕೂಗಿದ: "ಸರ್, ಇದು ದೊಣೆ!"

ಕೊಪ್ಪಳದ ಪಾಲ್ಕಿಗುಂಡು ಬೆಟ್ಟ ಹತ್ತಿ ಬೆಳೆದವನಿಗೆ ಬೇರೆ ಪದವೇಕೆ? ಬಂಡೆಯ ಗುಳಿಯಲ್ಲಿ ನೀರು ನಿಲ್ಲುವ ನಮ್ಮ ಬೆಟ್ಟದ ದೊಣೆಗೆ ಮಳೆಗಾಲವೇ ಗತಿ, ಇದಕ್ಕೆ ದಿನಕ್ಕೆ 2 ಬಾರಿ ಉಬ್ಬರ. ನಡುವೆ ಬಿಸಿಲಿಗೆ ನೀರು ಕಾಯುತ್ತದೆ, ಆವಿಯಾದಂತೆ ಉಪ್ಪು ಹೆಚ್ಚುತ್ತದೆ. ಅದನ್ನೆಲ್ಲ ತಾಳಿಕೊಂಡವು ಮಾತ್ರ ಅಲ್ಲಿ ಸಂಸಾರ ಹೂಡುತ್ತವೆ. ಬಂಡೆ ಕಚ್ಚಿದ ಬಾರ್ನಕಲ್ ಎಂಬ ಪುಟ್ಟ ಚಿಪ್ಪುಜೀವಿಗಳು ಬಾಗಿಲು ಮುಚ್ಚಿ ಕುಳಿತಿದ್ದವು, ಏಪ್ರಿಲ್ ಮಧ್ಯಾಹ್ನದ ಕೊಪ್ಪಳದವರ ಹಾಗೆ. ಖಾಲಿ ಶಂಖ ಹೊತ್ತು ಹೊರಟ ಸನ್ಯಾಸಿ ಏಡಿಗೆ ಹುಡುಗರು "ಬಾಡಿಗೆ ಮನೆಯವನು" ಎಂದು ಹೆಸರಿಟ್ಟರು. ಜೇಬಿಗಿಳಿದಿದ್ದ ಎರಡು ಶಂಖಗಳನ್ನು ಗದರಿಸಿ ವಾಪಸ್ ಇಡಿಸಿದೆ. ನಾಳೆ ಯಾವ ಏಡಿಗೆ ಮನೆ ಬೇಕೋ!

ಒಬ್ಬಳು ಮಾತ್ರ ಕಡಲು ಕಾಣದ ಅಜ್ಜಿಗೆಂದು ಬಾಟಲಿಯಲ್ಲಿ ನೀರು ತುಂಬಿಕೊಂಡಳು. ತಡೆಯಲಿಲ್ಲ. ಅಜ್ಜಿ ನಾಲಗೆಗೆ ತಾಗಿಸಿ, "ಇದನ್ನು ಮೀನು ಹೇಗೆ ಕುಡಿಯುತ್ತದೆ, ನಿಮ್ಮ ಸರ್‌ನ ಕೇಳು" ಎಂದರಂತೆ. ಕುಡಿಯುತ್ತದೆ ಅಜ್ಜಿ, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕುತ್ತದೆ. ನಾಳೆ ಮೊದಲ ಪಾಠ ಇದೇ.