ಶೀಟಿನ ಕೋಣೆ: ಉಪ್ಪು ಕೊನೆಗೂ ಹರಳುಗಟ್ಟಿತು

ಗಟ್ಟಿಯಾಯಿತು! ಮಧ್ಯಾಹ್ನದ ಸೆಕೆಯನ್ನು ಕರಗುತ್ತಾ ನುಂಗಿ, ರಾತ್ರಿ ಗಟ್ಟಿಯಾಗುತ್ತಾ ಬಿಟ್ಟುಕೊಡುವ ಉಪ್ಪಿನಿಂದ ಕೋಣೆ ತಂಪಾಗಿಡುವ ಪ್ರಯತ್ನ ನನ್ನದು. ತೀರ್ಥಹಳ್ಳಿ ಮನೆಯ ಶೀಟ್ ಮಾಡಿನ ಕೆಳಗೆ ಅಡ್ಡಲಾಗಿ ಕಟ್ಟಿದ ಪಿವಿಸಿ ಪೈಪುಗಳನ್ನು ಬೆಳಗ್ಗೆ ಅಲ್ಲಾಡಿಸಿದರೆ ಒಂದರಲ್ಲೂ ನೀರಿನ ಸದ್ದಿಲ್ಲ. ಪೈಪು ಕೊಯ್ದದ್ದು, ಕ್ಯಾಪ್ ಅಂಟಿಸಿದ್ದು, ಕ್ಯಾಲ್ಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ (ಹರಳಿನೊಳಗೇ ನೀರು ಹಿಡಿದಿರುವ ಉಪ್ಪು) ತುಂಬಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡುತ್ತೇನೆ. ತಕರಾರಿದ್ದದ್ದು ರಾತ್ರಿಯಲ್ಲಿ.

29 ಡಿಗ್ರಿ ಆಸುಪಾಸಿನಲ್ಲಿ ಕರಗುವಾಗ ಈ ಉಪ್ಪು ಕಿಲೋಗೆ ಸುಮಾರು 190 ಕಿಲೋಜೌಲ್ ಶಾಖ ನುಂಗುತ್ತದೆ. ಅಷ್ಟನ್ನು ಜಂಬಿಟ್ಟಿಗೆ ಕಲ್ಲು ಹೀರಬೇಕಾದರೆ ಸುಮಾರು 20 ಕಿಲೋ ಕಲ್ಲು 10 ಡಿಗ್ರಿ ಕಾಯಬೇಕು. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಉಪ್ಪು ಸಲೀಸಾಗಿ ಕರಗುತ್ತಿತ್ತು. ರಾತ್ರಿ ಕಿಟಕಿ ತೆರೆದಿಟ್ಟರೆ ಕೋಣೆ 22ಕ್ಕೆ ಇಳಿಯುತ್ತದೆ, ಉಪ್ಪು ಮಾತ್ರ ನೀರಾಗಿಯೇ ಇರುತ್ತಿತ್ತು. ಹೆಪ್ಪು ಹಾಕದ ಹಾಲಿನಂತೆ, ಮೊದಲ ಹರಳು ಸಿಗದೆ ಅದು ಶುರುವೇ ಮಾಡುವುದಿಲ್ಲ. ರಾತ್ರಿ ಶಾಖ ಬಿಡದಿದ್ದರೆ ಮಾರನೇ ಮಧ್ಯಾಹ್ನ ನುಂಗುವುದಕ್ಕೆ ಜಾಗವೆಲ್ಲಿ?

ಎಲ್ಲರೂ ಹೇಳುವ ಮದ್ದು ಸ್ಟ್ರಾಂಷಿಯಂ ಕ್ಲೋರೈಡ್, ಚೂರು ಬೆರೆಸಿದರೆ ಮೊದಲ ಹರಳಿಗೆ ಅದೇ ಹೆಪ್ಪು. ತರಿಸಿಕೊಡುತ್ತೇನೆಂದು ಮುಂಗಡ ಇಸಕೊಂಡ ಅಂಗಡಿಯವರು ವಾರಗಟ್ಟಲೆ ಫೋನ್ ಎತ್ತಲಿಲ್ಲ. ಕೊನೆಗೆ ಬಂದ ಡಬ್ಬಿ ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪು! ಉಪ್ಪಿನಕಾಯಿಗೆ ಆಯಿತು ಎಂದರು ಅಮ್ಮ. ಕ್ಯಾಲ್ಸಿಯಂ ಕ್ಲೋರೈಡನ್ನೂ ಇವರು ಬಾಯಿ ಸರಿಯಾಗಿ ಕಟ್ಟದ ಚೀಲದಲ್ಲೇ ಕೊಟ್ಟಿದ್ದರು. ಗಾಳಿಯ ತೇವ ಕುಡಿದು ಜಿನುಗುತ್ತಿತ್ತು. ತೂಕದಲ್ಲಿ ಶೇ 49ರಷ್ಟು ನೀರು ಇರಬೇಕಾದ ಉಪ್ಪಿಗೆ, ಮೊದಲೇ ಎಷ್ಟು ನೀರು ಸೇರಿದೆ ಎಂದು ತಿಳಿಯದೆ ಅಳತೆ ಹಾಕುವುದು ಹೇಗೆ? ಇಂಥ ವ್ಯಾಪಾರಕ್ಕೆ ಕ್ಷಮೆಯಿಲ್ಲ.

ಸ್ಟ್ರಾಂಷಿಯಂ ಕೈಬಿಟ್ಟು, ಕರಗದೆ ಉಳಿಯುವ ಹರಳನ್ನೇ ಪೈಪಿನೊಳಗೆ ಇಟ್ಟುಕೊಳ್ಳುವ ದಾರಿ ಹಿಡಿದೆ. ಪ್ರತಿ ಪೈಪಿನ ತುದಿಗೆ ಸಪೂರ ಪ್ಲಾಸ್ಟಿಕ್ ನಳಿಗೆಯ ಬಾಲ. ಅದು ಗೋಡೆ ದಾಟಿ ಉತ್ತರದ ನೆರಳಿಗೆ ಹೋಗಿ ಮಣ್ಣಿನ ಮಡಕೆಯ ನೀರಿನಲ್ಲಿ ಮುಳುಗಿರುತ್ತದೆ. ಹೊರಗೆ 35 ಇದ್ದಾಗಲೂ ಮಡಕೆಯ ನೀರು 26 ದಾಟಲಿಲ್ಲ. ಮೊದಲ ಸಲ ಮಾತ್ರ ಬಾಲಕ್ಕೆ ಐಸು ಕೊಟ್ಟು ಹರಳು ಹುಟ್ಟಿಸಿದೆ. ಆಮೇಲೆ ಅದು ಕರಗಿಲ್ಲ. ರಾತ್ರಿ ಅಲ್ಲಿಂದಲೇ ಹರಳು ಒಳಕ್ಕೆ ಬೆಳೆಯುತ್ತದೆ. ಗಟ್ಟಿಯಾಗುವಾಗ ಉಪ್ಪು ನುಂಗಿದ ಶಾಖ ಬಿಡುತ್ತದಲ್ಲ, ಪೈಪಿಗೆ ಕಟ್ಟಿದ ಥರ್ಮಾಮೀಟರ್ 24ರಿಂದ ಏರುತ್ತಾ 29ರ ಹತ್ತಿರ ನಿಂತದ್ದನ್ನು ಕಂಡು ಮನೆಯವರನ್ನೆಲ್ಲ ಎಬ್ಬಿಸಿದೆ.

ಹಾಗೇ ನೆನಪಾಯಿತು: ಮುಂದಿನದು ಬಚ್ಚಲ ಹಂಡೆ. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ ಎಂಬ ಇನ್ನೊಂದು ಉಪ್ಪು 58 ಡಿಗ್ರಿಗೆ ಕರಗುತ್ತದೆ. ಸಂಜೆ ಅಡಿಕೆ ಹಾಳೆ ಉರಿಸಿದ ಶಾಖವನ್ನು ಬೆಳಗಿನ ಸ್ನಾನಕ್ಕೆ ಉಳಿಸಬೇಕು. ಅಲ್ಲಿ ಈ ತಡವಾಗಿ ಗಟ್ಟಿಯಾಗುವ ಗುಣವೇ ಅನುಕೂಲ, ಬೇಕಾದಾಗ ಒಂದು ಹರಳು ಮುಟ್ಟಿಸಿದರೆ ಬಿಸಿ.

ಶೀಟಿನ ಕೋಣೆಯಲ್ಲಿ ಇನ್ನೂ ಉಳಿದಿರುವುದು ಪದರದ ಭಯ, ಅಂದರೆ ಉಪ್ಪು ಮತ್ತೆ ಮತ್ತೆ ಕರಗಿ ಗಟ್ಟಿಯಾಗುತ್ತಾ ಪದರಗಳಾಗಿ ಬೇರ್ಪಡುವುದು. 1948ರಲ್ಲಿ ಅಮೆರಿಕದ ಡೋವರ್‌ನ ಸೌರಮನೆಗೆ ವಿಜ್ಞಾನಿ ಮಾರಿಯಾ ಟೆಲ್ಕೆಸ್ ಶಾಖ ಕೂಡಿಡಲು ಬಳಸಿದ ಗ್ಲಾಬರ್ ಉಪ್ಪು (ನೀರು ಹಿಡಿದ ಸೋಡಿಯಂ ಸಲ್ಫೇಟ್) ಕೆಲವೇ ಚಳಿಗಾಲಗಳಲ್ಲಿ ಬೇರ್ಪಟ್ಟು ಕೈಕೊಟ್ಟಿತು. ನಮ್ಮದರಲ್ಲೂ ಟೆಟ್ರಾಹೈಡ್ರೇಟ್ (ಇದೇ ಉಪ್ಪಿನ ಕಡಿಮೆ ನೀರಿನ ರೂಪ) ತಳ ಸೇರಬಹುದು. ಅದಕ್ಕೇ ಪೈಪುಗಳನ್ನು ಮಲಗಿಸಿ ಕಟ್ಟಿದ್ದು. ಮಳೆ ಹಿಡಿದರೆ ಕೋಣೆ 29 ಮುಟ್ಟುವುದಿಲ್ಲ. ಅಷ್ಟರೊಳಗೆ ಒಂದು ಪೈಪು ಕೊಯ್ದು ತಳ ನೋಡಿ ಬರೆಯುತ್ತೇನೆ.